ಹಿಂಗಾರವಿಲ್ಲದ ಮದುವೆಗಳು

ಕಾಂಬೋಡಿಯಾದ ಖ್ಮೇರ್ ಜನರ ಮದುವೆಗೆ ಅಡಿಕೆಯ ಹೂವು ಬೇಕೇ ಬೇಕು. ನಮ್ಮ ಅಡಿಕೆ ಸೀಮೆಯವರು ಹಿಂಗಾರ ಎನ್ನುವುದು ಇದನ್ನೇ. ಅವರ ಬಾಯಲ್ಲಿ ಅದು 'ಫ್ಕಾ ಸ್ಲಾ'. ವಧೂವರರು ಹೆತ್ತವರಿಗೆ ಕೃತಜ್ಞತೆ ಸಲ್ಲಿಸುವಾಗ ಅರ್ಪಿಸುವ ಹೂವದು.

1975ರ ಏಪ್ರಿಲ್ 17ರಂದು ಪೋಲ್ ಪಾಟ್‌ನ ಖ್ಮೇರ್ ರೂಜ್ ಪಡೆ ರಾಜಧಾನಿ ನಾಮ್ ಪೆನ್ ಹೊಕ್ಕಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಸತ್ತವರು ಸುಮಾರು 17 ಲಕ್ಷ. ಅರಮನೆಯ ನೃತ್ಯ ಕಲಿತವರು ರಾಜನ ಕಡೆಯವರೆನಿಸಿದರು. ಅವರಲ್ಲಿ ಬದುಕುಳಿದವರು ಬೆರಳೆಣಿಕೆಯಷ್ಟು. ಮದುವೆಯನ್ನೂ ಬಿಡಲಿಲ್ಲ. ಯಾರಿಗೆ ಯಾರು ಎಂದು 'ಅಂಗ್ಕಾರ್', ಅಂದರೆ ಪಕ್ಷವೇ ತೀರ್ಮಾನಿಸುತ್ತಿತ್ತು. ಕಪ್ಪು ಬಟ್ಟೆಯ ಹತ್ತಾರು ಜೋಡಿಗಳನ್ನು ಒಮ್ಮೆಗೇ ಸಾಲಾಗಿ ನಿಲ್ಲಿಸಿ ಪ್ರತಿಜ್ಞೆ ಮಾಡಿಸಿದರೆ ಮುಗಿಯಿತು. ಹೆತ್ತವರಿಲ್ಲ, ವಾದ್ಯವಿಲ್ಲ, ಹಿಂಗಾರವಿಲ್ಲ. ರಾತ್ರಿ ಗುಡಿಸಲಿನ ಹೊರಗೆ ನಿಂತು ಕಿವಿಗೊಡುವ ಗೂಢಚಾರರು ಬೇರೆ.

ಗಡಿ ದಾಟಿದವರು ಥಾಯ್ಲೆಂಡಿನ ನಿರಾಶ್ರಿತರ ಶಿಬಿರಗಳನ್ನು ಸೇರಿದರು. ಉಳಿದ ಕಲಾವಿದೆಯರು ಅಲ್ಲಿಯೇ ಮಕ್ಕಳಿಗೆ ಕಲಿಸತೊಡಗಿದರು. ಈ ನೃತ್ಯ ಪುಸ್ತಕದಿಂದ ಬರುವಂಥದ್ದಲ್ಲ. ಗುರು ಮಗುವಿನ ಬೆರಳನ್ನು ಹಿಂದಕ್ಕೆ ಬಾಗಿಸಿ, ಮೊಣಕೈ ತಿದ್ದಿ, ಮೈಯಿಂದ ಮೈಗೆ ದಾಟಿಸಬೇಕು. ಗುರು ಸತ್ತರೆ ಅವಳೊಂದಿಗೆ ಒಂದು ಗ್ರಂಥಾಲಯವೇ ಮಣ್ಣಾಗುತ್ತದೆ.

ಅಮೆರಿಕ ಸುಮಾರು ಒಂದೂವರೆ ಲಕ್ಷ ಜನರಿಗೆ ಆಶ್ರಯ ಕೊಟ್ಟಿತು. ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ 1986ರಲ್ಲಿ ಅಂಕೋರ್ ನೃತ್ಯ ತಂಡ ಹುಟ್ಟಿತು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ 2002ರಲ್ಲಿ ಸೋಫಿಲೀನ್ ಚಿಯಮ್ ಶಪೀರೊ ಖ್ಮೇರ್ ಕಲಾ ಶಾಲೆ ತೆರೆದರು. ಬಾಲ್ಯದಲ್ಲೇ ಪೋಲ್ ಪಾಟ್ ಆಳ್ವಿಕೆಯನ್ನು ಕಂಡು ಬದುಕಿದವರು ಅವರು.

ಮೂರು ದಿನಗಳ ಮದುವೆ ಅಲ್ಲಿ ಒಂದು ದಿನಕ್ಕಿಳಿದಿದೆ. ಬೆಳಿಗ್ಗೆ ಮನೆಯಲ್ಲಿ ಶಾಸ್ತ್ರ, ಸಂಜೆ ಹೋಟೆಲಿನಲ್ಲಿ ಊಟ. ಇದು ಸಂಪ್ರದಾಯ ಕೆಟ್ಟಂತೆ ಎಂದು ನಮಗನ್ನಿಸುವುದಿಲ್ಲ. ಜಗತ್ತು ಪುರಾತನವೆಂದು ನಂಬಿರುವ ಅಪ್ಸರಾ ನೃತ್ಯ ಕೂಡ ರಾಣಿ ಕೊಸಮಾಕ್ ಅವರ ಮುತುವರ್ಜಿಯಲ್ಲಿ 20ನೇ ಶತಮಾನದ ನಡುವೆ ರೂಪುಗೊಂಡದ್ದು. ಕೂದಲು ಕತ್ತರಿಸುವ ಶಾಸ್ತ್ರದಲ್ಲಿ ಈಗ ಕತ್ತರಿ ಆಡಿಸುವ ನಟನೆಯಷ್ಟೇ ಇದೆ. ಹಿರಿಯರು ಒಬ್ಬೊಬ್ಬರಾಗಿ ಬಂದು ಮಣಿಕಟ್ಟಿಗೆ ಕೆಂಪು ದಾರ ಕಟ್ಟುತ್ತಾರೆ. ವರ ವಧುವಿನ ಸೆರಗು ಹಿಡಿದು ಹಿಂದೆ ನಡೆಯುತ್ತಾನೆ. ಕಡಲಾಚೆಯಿಂದ ಬಂದ ಪ್ರಿಯಾ ಥೋಂಗ್ ಎಂಬ ರಾಜಕುಮಾರ ನಾಗಕನ್ಯೆಯ ಸೆರಗು ಹಿಡಿದು ಅವಳ ತಂದೆಯ ರಾಜ್ಯಕ್ಕೆ ಇಳಿದ ಐತಿಹ್ಯದ ನೆನಪಿದು. ಆ ಮೂಲಪುರುಷನೂ ವಲಸಿಗನೇ!

ಮದುವೆಯ ದುಂದುವೆಚ್ಚವನ್ನು ನಾವು ಸದಾ ಟೀಕಿಸುತ್ತ ಬಂದವರು. ಆದರೆ ಈ ಜನರ ವಾದ್ಯ, ಮೆರವಣಿಗೆ, ಹಣ್ಣಿನ ತಟ್ಟೆಗಳನ್ನು ಕಂಡಾಗ ಆ ಮಾತು ನಾಲಗೆಯಲ್ಲೇ ನಿಲ್ಲುತ್ತದೆ.

2017ರಲ್ಲಿ ಶಪೀರೊ ಅವರು ಬಲವಂತದ ಮದುವೆಗಳನ್ನೇ ವಸ್ತುವಾಗಿಸಿ 'ಫ್ಕಾ ಸ್ಲಾ' ಹೆಸರಿನ ನೃತ್ಯರೂಪಕವನ್ನು ರಂಗಕ್ಕೆ ತಂದರು. ಮರುವರ್ಷದ ನವೆಂಬರಿನಲ್ಲಿ ವಿಶೇಷ ನ್ಯಾಯಾಲಯ ಆ ಮದುವೆಗಳನ್ನು ಮಾನವತೆಯ ವಿರುದ್ಧದ ಅಪರಾಧವೆಂದು ತೀರ್ಪಿತ್ತಿತು. ಹಾಗೆ ಜೋಡಿಸಲ್ಪಟ್ಟವರಲ್ಲಿ ಹಲವರು 1979ರ ನಂತರ ಬೇರೆಯಾದರು. ಮಕ್ಕಳಿಗಾಗಿ ಜೊತೆಗೇ ಉಳಿದವರೂ ಇದ್ದಾರೆ. ಈಗ ಮೊಮ್ಮಕ್ಕಳ ಮಣಿಕಟ್ಟಿಗೆ ದಾರ ಕಟ್ಟುವ ವಯಸ್ಸು ಅವರದು.