ಗುಲಾಬಿ ಕಾಗದದ ಪತ್ರಿಕೆ

ಅಮೆರಿಕದ ಮೆಂಫಿಸ್ ಊರಲ್ಲಿ ‘ಫ್ರೀ ಸ್ಪೀಚ್’ ಅಂತ ಕರಿಯರ ಪತ್ರಿಕೆಯೊಂದಿತ್ತು. ಅಕ್ಷರ ಬಾರದ ಜನವೂ ಅದನ್ನು ಕೊಂಡು ಬೇರೆಯವರ ಹತ್ತಿರ ಓದಿಸಿಕೊಳ್ಳೋರು. ಅವರ ಕೈಗೆ ಬೇರೆ ಯಾವುದೋ ಪತ್ರಿಕೆ ತುರುಕಿ ಕಾಸು ಕೀಳೋ ಖದೀಮರೂ ಇದ್ದರು. ಅದಕ್ಕೇ ಸಂಪಾದಕಿ ಅದನ್ನು ಗುಲಾಬಿ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದಳು.

ಆಕೆ ಐಡಾ ಬಿ. ವೆಲ್ಸ್. 1862ರಲ್ಲಿ ಮಿಸಿಸಿಪ್ಪಿಯಲ್ಲಿ ಗುಲಾಮಳಾಗಿಯೇ ಹುಟ್ಟಿದವಳು. ಹದಿನಾರಕ್ಕೆ ಅಪ್ಪ ಅವ್ವ ಇಬ್ಬರೂ ಹಳದಿ ಜ್ವರಕ್ಕೆ ಸತ್ತರು. ಮೇಷ್ಟರ ಕೆಲಸ ಹಿಡಿದು ತಮ್ಮ ತಂಗಿಯರನ್ನು ಸಾಕಿದಳು. 1889ರಲ್ಲಿ ಪತ್ರಿಕೆಯ ಪಾಲುದಾರಳಾಗಿ ಸಂಪಾದಕಿಯಾದಳು. ಕರಿಯರ ಮಕ್ಕಳ ಶಾಲೆಗಳ ದುರವಸ್ಥೆ ಬರೆದದ್ದಕ್ಕೆ 1891ರಲ್ಲಿ ಕೆಲಸ ಹೋಯಿತು. ನಮ್ಮ ಮೇಷ್ಟ್ರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1892ರ ಮಾರ್ಚ್‌ನಲ್ಲಿ ಆಕೆಯ ಗೆಳೆಯ, ಅಂಚೆಯವನಾಗಿದ್ದ ಥಾಮಸ್ ಮಾಸ್‌ನನ್ನೂ ಇನ್ನಿಬ್ಬರನ್ನೂ ಬಿಳಿಯರ ಗುಂಪು ಜೈಲಿಂದಲೇ ಎಳಕೊಂಡು ಹೋಗಿ ಗುಂಡಿಕ್ಕಿ ಕೊಂದಿತು. ಮಾಡಿದ ತಪ್ಪೇನು? ಅವರ ದಿನಸಿ ಅಂಗಡಿ ಬಿಳಿಯನೊಬ್ಬನ ಅಂಗಡಿಯ ವ್ಯಾಪಾರಕ್ಕೆ ಪೆಟ್ಟು ಕೊಟ್ಟಿತ್ತು, ಅಷ್ಟೆ. ಬಿಳಿ ಹೆಂಗಸರ ಮೇಲೆ ಕೈ ಹಾಕಿದ್ದಕ್ಕೇ ಕರಿಯರನ್ನು ಕೊಲ್ಲುತ್ತಾರೆ ಅನ್ನೋ ಮಾತನ್ನು ಅಲ್ಲೀತನಕ ಐಡಾ ಕೂಡ ನಂಬಿದ್ದಳು. ತಾನು ನಂಬಿದ್ದೆ ಅಂತ ಮುಂದೆ ತಾನೇ ಬರೆದುಕೊಂಡಳು. ಅಂಗಡಿಗೂ ಹೆಂಗಸಿಗೂ ಏನು ಸಂಬಂಧ?

ಈ ಊರು ಬಿಟ್ಟು ಹೊರಡಿ ಅಂತ ಬರೆದಳು. ಸಾವಿರಾರು ಜನ ಗಂಟು ಕಟ್ಟಿದರು. ಉಳಿದವರು ಟ್ರಾಮ್ ಹತ್ತೋದು ನಿಲ್ಲಿಸಿದರು. ಟ್ರಾಮ್ ಕಂಪನಿಯ ಬಿಳಿ ಅಧಿಕಾರಿಗಳು ಪತ್ರಿಕೆ ಕಚೇರಿಗೇ ಬಂದು, ನಿಮ್ಮ ಜನಕ್ಕೆ ಹೇಳಮ್ಮ ಅಂತ ಕೇಳುವಂತಾಯಿತು. ನಮ್ಮ ಕಡೆ ಬಹಿಷ್ಕಾರ ಹಾಕೋರು ಊರಿನವರು, ಅನುಭವಿಸೋರು ಕೇರಿಯವರು. ಮೆಂಫಿಸ್‌ನಲ್ಲಿ ಬಹಿಷ್ಕಾರ ಹಾಕಿದ್ದು ಕೇರಿ!

ಐಡಾ ಅಲ್ಲಿಗೇ ನಿಲ್ಲಲಿಲ್ಲ. ಕೊಲೆ ನಡೆದ ಊರುಗಳಿಗೆ ಹೋಗಿ ವಿಚಾರಿಸಿದಳು. ಅತ್ಯಾಚಾರದ ಆ ಹಳೇ ಸುಳ್ಳನ್ನು ಇನ್ನು ಯಾರೂ ನಂಬೋದಿಲ್ಲ ಅಂತ ಮೇ ತಿಂಗಳಲ್ಲಿ ಹೆಸರು ಹಾಕದೆ ಸಂಪಾದಕೀಯ ಬರೆದಳು. ಬರೆದವನು ಗಂಡಸೇ ಅಂದುಕೊಂಡು ಬಿಳಿಯರ ಪತ್ರಿಕೆಯೊಂದು ಅಂಗ ಕತ್ತರಿಸ್ತೀವಿ ಅಂತ ಬೆದರಿಸಿತು. ಗುಂಪು ನುಗ್ಗಿ ಕಚೇರಿಯನ್ನು ಹಾಳುಗೆಡವಿತು. ಆಗ ಆಕೆ ಊರಲ್ಲಿರಲಿಲ್ಲ, ಹಾಗಾಗಿ ಉಳಿದಳು.

ನ್ಯೂಯಾರ್ಕಿನಲ್ಲಿ ‘ನ್ಯೂಯಾರ್ಕ್ ಏಜ್’ ಪತ್ರಿಕೆ ಸೇರಿ ಮತ್ತೆ ಬರೆದಳು. 1895ರ ‘ದಿ ರೆಡ್ ರೆಕಾರ್ಡ್’ಗೆ ಆಕೆ ಆಯ್ದುಕೊಂಡದ್ದು ಬಿಳಿಯರ ಪತ್ರಿಕೆಗಳೇ ಅಚ್ಚು ಹಾಕಿದ್ದ ಅಂಕಿಗಳನ್ನು. ಸುಳ್ಳು ಅನ್ನೋಕೆ ಅವರಿಗೆ ಬಾಯಿ ಎಲ್ಲಿಂದ ಬರಬೇಕು?

1931ರಲ್ಲಿ ತೀರಿಕೊಂಡಳು. ಪುಲಿಟ್ಜರ್ ಗೌರವ ಬಂದದ್ದು 2020ರಲ್ಲಿ. ಗುಂಪು ಕೊಲೆಯನ್ನು ಅಪರಾಧವೆಂದು ಹೇಳುವ ಕೇಂದ್ರ ಕಾನೂನು ಅಮೆರಿಕದಲ್ಲಿ ಆದದ್ದು 2022ರಲ್ಲಿ.