ಪೈಪ್ ಧೂಮಪಾನ

ಪೈಪ್ ಧೂಮಪಾನವೆಂದರೆ ಹದಗೊಳಿಸಿ ಕತ್ತರಿಸಿದ ಹೊಗೆಸೊಪ್ಪನ್ನು ಚಿಕ್ಕ ಬಟ್ಟಲೊಂದರಲ್ಲಿ ತುಂಬಿ, ಬೆಂಕಿ ತಾಗಿಸಿ, ಅದಕ್ಕೆ ಜೋಡಿಸಿದ ಕೊಳವೆಯ ಮೂಲಕ ಹೊಗೆಯನ್ನು ಬಾಯಿಗೆ ಎಳೆದುಕೊಳ್ಳುವ ಪದ್ಧತಿ. ಮರದ ಆಯ್ಕೆ, ಎಲೆಗಳ ಮಿಶ್ರಣ, ತುಂಬುವ ಕೈಚಳಕ ಇವೆಲ್ಲವನ್ನೂ ಒಳಗೊಂಡ ನಿಧಾನದ ಹವ್ಯಾಸವಾಗಿ ಇದು ಯೂರೋಪು ಮತ್ತು ಅಮೆರಿಕಗಳಲ್ಲಿ ಬೆಳೆಯಿತು. ಕರ್ನಾಟಕದಲ್ಲಿ ಪೈಪ್ ಸೇದುವವರ ಸಂಖ್ಯೆ ಎಂದೂ ದೊಡ್ಡದಾಗಿರಲಿಲ್ಲ. ಆದರೆ ಹೊಗೆಸೊಪ್ಪು ಮೊಘಲರ ಆಸ್ಥಾನವನ್ನು ಮುಟ್ಟಿದ್ದು ಬಿಜಾಪುರದ ಮೂಲಕ. ಪೈಪ್ ಮಿಶ್ರಣಗಳಿಗೆ ತಳಹದಿಯಾದ ವರ್ಜೀನಿಯಾ ಎಲೆ ಇಂದು ಮೈಸೂರು ಜಿಲ್ಲೆಯ ಪ್ರಮುಖ ವಾಣಿಜ್ಯ ಬೆಳೆ. ಆದ್ದರಿಂದ ಈ ವಿಷಯ ಕನ್ನಡಿಗರಿಗೆ ತೋರುವಷ್ಟು ದೂರದ್ದಲ್ಲ.

ಹೆಸರು

ಇಂಗ್ಲಿಷಿನ ‘ಪೈಪ್’ ಪದವೇ ಕನ್ನಡದಲ್ಲಿಯೂ ಬಳಕೆಯಲ್ಲಿದೆ. ಇದಕ್ಕೆ ಸಮೀಪದ ದೇಶೀಯ ಸಾಧನಗಳು ಎರಡು: ಮಣ್ಣಿನ ಚಿಲುಮೆ ಮತ್ತು ನೀರಿನ ಮೂಲಕ ಹೊಗೆಯನ್ನು ಹಾಯಿಸುವ ಗುಡುಗುಡಿ ಅಥವಾ ಹುಕ್ಕಾ. ಚಿಲುಮೆ ಎಂಬುದು ‘ಚಿಲಮ್’ ಎಂಬ ಪದದ ಕನ್ನಡ ರೂಪ. ನೀರಿನ ಬುಗ್ಗೆ ಎಂಬ ಅರ್ಥದ ಅಚ್ಚ ಕನ್ನಡದ ಚಿಲುಮೆಗೂ ಇದಕ್ಕೂ ಸಂಬಂಧವಿಲ್ಲ. ವಿದ್ಯಾರ್ಥಿಗಳು ಇವೆರಡನ್ನು ಒಂದೆಂದು ಭಾವಿಸುವುದುಂಟು. ಗುಡುಗುಡಿ ಕನ್ನಡದ ತತ್ತ್ವಪದಗಳಲ್ಲಿಯೂ ರೂಪಕವಾಗಿ ಬಂದಿದೆ. ಒಂದು ಕಾಲಕ್ಕೆ ಅದು ಮನೆಮಾತಿನ ವಸ್ತುವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇತಿಹಾಸ

ಹೊಗೆಸೊಪ್ಪಿನ ತವರು ಅಮೆರಿಕ ಖಂಡ. ಅಲ್ಲಿನ ಮೂಲನಿವಾಸಿಗಳು ಕಲ್ಲು ಮತ್ತು ಮಣ್ಣಿನ ಕೊಳವೆಗಳಲ್ಲಿ ಅದನ್ನು ಸೇದುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಅದು ಯೂರೋಪಿಗೆ, ಅಲ್ಲಿಂದ ಪೋರ್ಚುಗೀಸರ ಹಡಗುಗಳಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂದಿತು. ಗೋವೆಗೆ ನೆರೆಯ ರಾಜ್ಯವಾಗಿದ್ದ ಬಿಜಾಪುರದಲ್ಲಿ ಅದು ಬೇಗನೆ ರೂಢಿಯಾಯಿತು.

ಅಕ್ಬರನ ದೂತನಾಗಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ಹೋಗಿದ್ದ ಅಸದ್ ಬೇಗ್ ತನ್ನ ವೃತ್ತಾಂತದಲ್ಲಿ ಈ ಪ್ರಸಂಗವನ್ನು ವಿವರವಾಗಿ ಬರೆದಿದ್ದಾನೆ. ತಾನು ಹಿಂದೆಂದೂ ಕಾಣದಿದ್ದ ಹೊಗೆಸೊಪ್ಪನ್ನು ಬಿಜಾಪುರದಲ್ಲಿ ಕಂಡ ಆತ, ಒಂದಿಷ್ಟನ್ನು ಕೊಂಡು, ರತ್ನಖಚಿತವಾದ ಅಂದದ ಕೊಳವೆಯೊಂದನ್ನು ಸಿದ್ಧಪಡಿಸಿ, 1604-05ರ ಸುಮಾರಿಗೆ ಇತರ ಕಾಣಿಕೆಗಳೊಂದಿಗೆ ಅಕ್ಬರನ ಮುಂದಿಟ್ಟನು. ಕುತೂಹಲಗೊಂಡ ಚಕ್ರವರ್ತಿ ಒಂದೆರಡು ಬಾರಿ ಎಳೆದು ನೋಡಿದನು. ಆಸ್ಥಾನ ವೈದ್ಯನು ತಡೆದನು. ತಮ್ಮ ಗ್ರಂಥಗಳಲ್ಲಿ ಉಲ್ಲೇಖವೇ ಇಲ್ಲದ, ಗುಣಾವಗುಣ ತಿಳಿಯದ ವಸ್ತುವನ್ನು ಸೇವಿಸಬಾರದೆಂಬುದು ಅವನ ವಾದ. ಯೂರೋಪಿನ ಜಾಣರು ಪರೀಕ್ಷಿಸದೆ ಇದನ್ನು ಒಪ್ಪಿರಲಾರರು ಎಂಬುದು ಅಸದ್ ಬೇಗನ ಉತ್ತರ. ಅಕ್ಬರನು ಮತ್ತೆ ಅದರ ಗೋಜಿಗೆ ಹೋಗಲಿಲ್ಲ, ಆದರೆ ಆಸ್ಥಾನದ ಶ್ರೀಮಂತರು ತಮಗೂ ಬೇಕೆಂದು ದುಂಬಾಲು ಬಿದ್ದರು, ವ್ಯಾಪಾರಿಗಳು ಮಾರಲಾರಂಭಿಸಿದರು. ವಾದದಲ್ಲಿ ವೈದ್ಯನು ಸೋತನಾದರೂ ಸರಿಯಾದ ಪಕ್ಷ ಅವನದೇ ಆಗಿತ್ತು. ಇದೇ 1604ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸ್ ಹೊಗೆಸೊಪ್ಪನ್ನು ಖಂಡಿಸಿ ಪುಸ್ತಿಕೆಯನ್ನು ಪ್ರಕಟಿಸಿದ್ದನು. 1617ರಲ್ಲಿ ಜಹಾಂಗೀರನು ಅದರ ಸೇವನೆಯನ್ನು ನಿಷೇಧಿಸಿದನು. ಎರಡೂ ಕಡೆ ಫಲ ಅಷ್ಟಕ್ಕಷ್ಟೆ.

ಪೈಪಿನ ರಚನೆ

ಪೈಪಿಗೆ ಬಟ್ಟಲು, ಅದರಿಂದ ಹೊರಡುವ ಕುತ್ತಿಗೆ, ಕುತ್ತಿಗೆಗೆ ಸಿಕ್ಕಿಸುವ ಕೊಳವೆ ಎಂಬ ಮೂರು ಭಾಗಗಳಿವೆ. ಬಟ್ಟಲಿನ ತಳದಲ್ಲಿ ಹೊಗೆ ಸಾಗುವ ಸಣ್ಣ ರಂಧ್ರವಿರುತ್ತದೆ. ಈ ರಂಧ್ರ ತಳಕ್ಕೆ ಸರಿಯಾಗಿ ಕೂಡದಿದ್ದರೆ ಎಷ್ಟೇ ಬೆಲೆಯ ಪೈಪಾದರೂ ತೇವಗೂಡಿ ಗೊರಗೊರ ಸದ್ದು ಮಾಡುತ್ತದೆ. ಕೊಳವೆಯನ್ನು ಗಡಸುಗೊಳಿಸಿದ ರಬ್ಬರ್ ಅಥವಾ ಅಕ್ರಿಲಿಕ್‌ನಿಂದ ಮಾಡುತ್ತಾರೆ.

ಬಟ್ಟಲಿಗೆ ಅತ್ಯುತ್ತಮವೆನಿಸಿದ್ದು ಬ್ರೈಯರ್. ಇದು ಮೆಡಿಟರೇನಿಯನ್ ತೀರದಲ್ಲಿ ಬೆಳೆಯುವ ‘ಎರಿಕಾ ಆರ್ಬೋರಿಯ’ ಎಂಬ ಪೊದೆಯ ಬೇರು ಮತ್ತು ಕಾಂಡಗಳ ನಡುವಿನ ಗಂಟು. ಬರಡು ನೆಲದಲ್ಲಿ ಬೆಳೆಯುವ ಈ ಗಂಟು ಬಹಳ ಗಟ್ಟಿ, ಶಾಖಕ್ಕೆ ಸುಲಭವಾಗಿ ಹೊತ್ತಿಕೊಳ್ಳದು. ಗಂಟನ್ನು ಕುದಿಸಿ, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಿ, ನಂತರ ಕೊರೆಯುತ್ತಾರೆ. ಫ್ರಾನ್ಸಿನ ಜೂರಾ ಬೆಟ್ಟಸಾಲಿನ ಸೇಂ ಕ್ಲೋಡ್ ಪಟ್ಟಣ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈ ಕಸುಬಿಗೆ ಹೆಸರಾಗಿದೆ. ಅದಕ್ಕೆ ಮುಂಚೆ ಇಂಗ್ಲೆಂಡ್, ಹಾಲೆಂಡ್‌ಗಳಲ್ಲಿ ಬಿಳಿ ಜೇಡಿಮಣ್ಣಿನ ಪೈಪುಗಳೇ ಪ್ರಚಾರದಲ್ಲಿದ್ದವು. ಟರ್ಕಿಯ ಎಸ್ಕಿಶೆಹಿರ್ ಸುತ್ತ ಸಿಗುವ ಮೀರ್‌ಶಾಮ್ ಎಂಬ ಹಗುರವಾದ ಬಿಳಿ ಖನಿಜದಿಂದ ಕೆತ್ತಿದ ಪೈಪು ಬಳಸಿದಂತೆ ಜೇನುಬಣ್ಣಕ್ಕೆ ತಿರುಗುತ್ತದೆ. ಈ ಜರ್ಮನ್ ಪದದ ಅರ್ಥ ಸಮುದ್ರದ ನೊರೆ. ಅಮೆರಿಕದ ಮಿಸ್ಸೌರಿಯಲ್ಲಿ ಮೆಕ್ಕೆಜೋಳದ ಬೆಂಡಿನಿಂದಲೂ ಪೈಪು ಮಾಡುತ್ತಾರೆ; ಅತ್ಯಂತ ಅಗ್ಗದ್ದು ಇದೇ.

ಷರ್ಲಾಕ್ ಹೋಮ್ಸ್‌ನ ಕೈಯಲ್ಲಿ ಚಿತ್ರಕಾರರು ತೋರಿಸುವ ಸೋರೆಬುರುಡೆಯ ಬಾಗಿದ ಪೈಪು ಕಾನನ್ ಡಾಯ್ಲ್‌ನ ಕಥೆಗಳಲ್ಲಿ ಇಲ್ಲ. ಅಲ್ಲಿರುವುದು ಮಣ್ಣಿನ, ಬ್ರೈಯರಿನ ಮತ್ತು ಚೆರ್ರಿಮರದ ಪೈಪುಗಳು. ಬಾಗಿದ ಪೈಪನ್ನು ಜನಪ್ರಿಯಗೊಳಿಸಿದ್ದು ರಂಗಭೂಮಿ.

ಹೊಗೆಸೊಪ್ಪಿನ ಮಿಶ್ರಣಗಳು

ಪೈಪ್ ಹವ್ಯಾಸದ ಜೀವಾಳ ಮಿಶ್ರಣ. ವರ್ಜೀನಿಯಾ ಎಲೆಯನ್ನು ಮುಚ್ಚಿದ ಕೋಣೆಯಲ್ಲಿ ಬಿಸಿಗಾಳಿಯಿಂದ ಹದಗೊಳಿಸುವುದರಿಂದ ಅದರ ಸಕ್ಕರೆ ಉಳಿದು ಬಣ್ಣ ಹಳದಿಯಾಗುತ್ತದೆ, ರುಚಿ ಸಿಹಿ. ಬರ್ಲಿ ಎಲೆಯನ್ನು ನೆರಳಿನ ಗಾಳಿಯಲ್ಲಿ ಒಣಗಿಸುತ್ತಾರೆ. ಅದರಲ್ಲಿ ಸಕ್ಕರೆ ಕಡಿಮೆ, ಸೇರಿಸಿದ ಪರಿಮಳವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಟರ್ಕಿ, ಗ್ರೀಸ್‌ಗಳ ಚಿಕ್ಕ ಎಲೆಯ ಓರಿಯೆಂಟಲ್ ತಳಿಗಳನ್ನು ಬಿಸಿಲಿನಲ್ಲಿ ಒಣಗಿಸುತ್ತಾರೆ. ಸಿರಿಯಾದ ಬಂದರಿನ ಹೆಸರು ಹೊತ್ತ ಲಟಾಕಿಯಾ ಸೌದೆಯ ಹೊಗೆಯಲ್ಲಿ ಹದಗೊಂಡು ಕಪ್ಪಾದ ಎಲೆ. ಅಮೆರಿಕದ ಲೂಯಿಸಿಯಾನದ ಪೆರೀಕ್ ಪೀಪಾಯಿಗಳಲ್ಲಿ ಒತ್ತಡಕ್ಕೊಳಗಾಗಿ ಹುಳಿತ ಎಲೆ. ಕಡೆಯ ಎರಡನ್ನು ಒಗ್ಗರಣೆಯಂತೆ ಸ್ವಲ್ಪವೇ ಬಳಸುತ್ತಾರೆ. ಕ್ಯಾವೆಂಡಿಶ್ ತಳಿಯ ಹೆಸರಲ್ಲ, ಆವಿ ಮತ್ತು ಒತ್ತಡದಿಂದ ಎಲೆಯನ್ನು ಮೃದುಗೊಳಿಸುವ ವಿಧಾನದ ಹೆಸರು. ಎಳೆಎಳೆಯಾಗಿ ಕತ್ತರಿಸಿದ್ದು, ಒತ್ತಿ ಹೋಳು ಮಾಡಿದ್ದು, ಹಗ್ಗದಂತೆ ಹೊಸೆದದ್ದು ಎಂದು ಮಾರಾಟದ ರೂಪಗಳೂ ಹಲವು.

ಮೈಸೂರು ಸೀಮೆಯ ಎಲೆ

ವರ್ಜೀನಿಯಾ ಎಲೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲೂಕುಗಳ ಕೆಂಪುಮಣ್ಣಿನಲ್ಲಿ ಮತ್ತು ನೆರೆಯ ಹಾಸನ ಜಿಲ್ಲೆಯ ಅರಕಲಗೂಡಿನಲ್ಲಿ ಮಳೆಯಾಶ್ರಿತವಾಗಿ ಬೆಳೆಯುತ್ತದೆ. ಮುಂಗಾರಿನ ಆರಂಭದಲ್ಲಿ ನಾಟಿ. ಎಲೆ ಬಲಿತಂತೆ ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ಕೊಯ್ಲು. ಕೊಯ್ದ ಎಲೆಯನ್ನು ಕೋಲಿಗೆ ಕಟ್ಟಿ ಬ್ಯಾರನ್ ಎಂಬ ಎತ್ತರದ ಕೋಣೆಯಲ್ಲಿ ತೂಗುಹಾಕಿ, ಹೊರಗಿನ ಒಲೆಯಿಂದ ಲೋಹದ ಕೊಳವೆಗಳ ಮೂಲಕ ಶಾಖ ಹಾಯಿಸುತ್ತಾರೆ. ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಿಂದ ಆರಂಭಿಸಿ ನಿಧಾನವಾಗಿ 70ರವರೆಗೆ ಏರಿಸುವ ಈ ಕೆಲಸ ಸುಮಾರು ಒಂದು ವಾರ ಹಿಡಿಯುತ್ತದೆ, ರಾತ್ರಿಯೂ ಒಬ್ಬರು ಎಚ್ಚರವಿರಬೇಕು. ಅವಸರಪಟ್ಟರೆ ಎಲೆ ಹಸಿರಾಗಿಯೇ ಉಳಿಯುತ್ತದೆ, ತಡಮಾಡಿದರೆ ಕಂದಾಗುತ್ತದೆ. ಎರಡರಲ್ಲೂ ಬೆಲೆ ಬೀಳುವುದು ರೈತನಿಗೆ.

1975ರ ಕಾಯಿದೆಯಂತೆ ರಚಿತವಾದ, ಗುಂಟೂರಿನಲ್ಲಿ ಕೇಂದ್ರ ಕಚೇರಿಯುಳ್ಳ ತಂಬಾಕು ಮಂಡಳಿಯು ಬೆಳೆಗಾರರನ್ನು ನೋಂದಾಯಿಸಿ, ಬೆಳೆಯ ಪ್ರಮಾಣವನ್ನು ನಿಗದಿಪಡಿಸಿ, ಹರಾಜು ನಡೆಸುತ್ತದೆ. ಎಲೆಯ ಬಹುಪಾಲು ಸೇರುವುದು ಸಿಗರೇಟಿಗೆ. ಪೈಪಿನ ಪಾಲು ಅತ್ಯಲ್ಪ. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ಎಲೆ ಬೇರೆಯದೇ ಬಗೆ, ಅದು ಬೀಡಿಗೆ ಸಲ್ಲುತ್ತದೆ. ಅಲ್ಲಿ 1981ರಲ್ಲಿ ಬೆಲೆಗಾಗಿ ನಡೆದ ರೈತರ ಚಳವಳಿ ಗೋಳಿಬಾರಿನಲ್ಲಿ ಕೊನೆಗೊಂಡಿತು.

ಬ್ಯಾರನ್‌ಗಳಿಗೆ ಬೇಕಾಗುವ ಸೌದೆ ಈ ಭಾಗದ ಮರಗಳಿಗೆ ಭಾರವಾಗಿದೆ. ತೇವಗೊಂಡ ಹಸಿ ಎಲೆಯನ್ನು ಮುಟ್ಟುವವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ವಾಂತಿ, ತಲೆಸುತ್ತು ಬರುವುದೂ ಉಂಟು. ಎಂದೂ ಸೇದದ ಕೂಲಿ ಹೆಂಗಸಿಗೂ ಹೊಗೆಸೊಪ್ಪು ತಾಗುವುದು ಹೀಗೆ.

ಸೇದುವ ವಿಧಾನ

ಎಲೆಯನ್ನು ಮೂರು ಹಂತಗಳಲ್ಲಿ, ತಳದಲ್ಲಿ ಸಡಿಲವಾಗಿಯೂ ಮೇಲೆ ತುಸು ಬಿಗಿಯಾಗಿಯೂ ತುಂಬುತ್ತಾರೆ. ಮೊದಲ ಕಡ್ಡಿಗೆ ಮೇಲಿನ ಎಲೆ ಉಬ್ಬಿಕೊಳ್ಳುತ್ತದೆ. ಅದನ್ನು ಮೆಲ್ಲನೆ ಒತ್ತಿ ಮತ್ತೆ ಹೊತ್ತಿಸಬೇಕು. ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯದೆ ಬಾಯಲ್ಲಿಯೇ ಸವಿದು ಬಿಡುವುದು ರೂಢಿ. ಬೇಗಬೇಗ ಎಳೆದರೆ ನಾಲಗೆ ಉರಿಯುತ್ತದೆ. ಬಟ್ಟಲಿನ ಒಳಮೈಗೆ ಕ್ರಮೇಣ ಕೂಡುವ ತೆಳುವಾದ ಇದ್ದಿಲ ಪದರ ಮರವನ್ನು ಕಾಪಾಡುತ್ತದೆ. ಸೇದಿದ ಪೈಪು ಒಣಗಲು ಒಂದು ದಿನವಾದರೂ ಬಿಡುವುದರಿಂದ ಹವ್ಯಾಸಿಗಳ ಬಳಿ ಹಲವು ಪೈಪುಗಳಿರುತ್ತವೆ.

ಆರೋಗ್ಯದ ಮೇಲೆ ಪರಿಣಾಮ

ಹೊಗೆಯನ್ನು ಒಳಗೆಳೆಯದ ಕಾರಣ ಪೈಪು ನಿರಪಾಯ ಎಂಬ ನಂಬಿಕೆ ತಪ್ಪು. ಗಾಳಿಯಲ್ಲಿ ಒಣಗಿಸಿದ ಎಲೆಯ ಹೊಗೆ ಕ್ಷಾರೀಯವಾದ್ದರಿಂದ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕವೇ ರಕ್ತಕ್ಕೆ ಸೇರುತ್ತದೆ, ಚಟ ಹತ್ತಿಸುತ್ತದೆ. ಪೈಪು ಸೇದುವವರಲ್ಲಿ ತುಟಿಯ ಕ್ಯಾನ್ಸರ್ ಕಾಣುವುದನ್ನು ಜರ್ಮನಿಯ ವೈದ್ಯ ಸೊಮ್ಮೆರಿಂಗ್ 1795ರಷ್ಟು ಹಿಂದೆಯೇ ಗುರುತಿಸಿದ್ದನು. ಅಮೆರಿಕದ ಸರ್ಜನ್ ಜನರಲ್ ಅವರ 1964ರ ವರದಿ ಈ ಸಂಬಂಧವನ್ನು ಖಚಿತಪಡಿಸಿತು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ ಮತ್ತು ಶ್ವಾಸಕೋಶದ ಕ್ಯಾನ್ಸರುಗಳ ಅಪಾಯವೂ ಹೆಚ್ಚುತ್ತದೆ. ಸಿಗರೇಟನ್ನು ಬಿಟ್ಟು ಪೈಪಿಗೆ ಬಂದವರು ಹಳೆಯ ಅಭ್ಯಾಸಬಲದಿಂದ ಹೊಗೆಯನ್ನು ಒಳಗೆ ಎಳೆಯುವುದರಿಂದ ಅವರಿಗೆ ಲಾಭ ಕಡಿಮೆ.

ಕಾನೂನು

2003ರ ಕೇಂದ್ರ ಕಾಯಿದೆ ಪೈಪ್ ತಂಬಾಕಿಗೂ ಅನ್ವಯಿಸುತ್ತದೆ. ಅದರ ಅಡಿಯ ನಿಯಮಗಳಂತೆ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನದ ನಿಷೇಧ ದೇಶಾದ್ಯಂತ ಬಿಗಿಗೊಂಡಿತು. ಕರ್ನಾಟಕ ವಿಧಾನಮಂಡಲವು 2024ರಲ್ಲಿ ಅಂಗೀಕರಿಸಿದ ತಿದ್ದುಪಡಿ ಮಾರಾಟದ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿ, ಹುಕ್ಕಾ ಬಾರ್‌ಗಳನ್ನು ನಿಷೇಧಿಸಿತು. ಬಿಡಿ ಪೈಪ್ ತಂಬಾಕು ದೊಡ್ಡ ನಗರಗಳ ಕೆಲವೇ ಅಂಗಡಿಗಳಲ್ಲಿ ಸಿಗುತ್ತದೆ.