ಕಾರ್ಖಾನೆಯಿಂದ ಮನೆಗೆ ಬಂದ ವಕ್ರರೇಖೆ

ಕಾಗದ, ಅಂಟುಹಾಳೆ, ತೆಳುವಾದ ಬಟ್ಟೆ ಮೊದಲಾದವನ್ನು ಸಣ್ಣ ಅಲಗಿನಿಂದ ತಾನಾಗಿಯೇ ಕತ್ತರಿಸುವ ಯಂತ್ರಗಳು ಈಗ ಅನೇಕರ ಮನೆಯ ಮೇಜನ್ನು ಸೇರಿವೆ. ಕಂಪ್ಯೂಟರಿನ ತೆರೆಯ ಮೇಲೆ ಸೊಗಸಾಗಿ ಕಂಡ ಹೂವು ಯಂತ್ರದಿಂದ ಚೂರುಚೂರಾಗಿ ಹೊರಬಂದಾಗ ಹೊಸಬರು ದಿಗ್ಭ್ರಮೆಗೊಳ್ಳುವುದು ಸಹಜ. ನಮ್ಮ ಕಣ್ಣು ಬಣ್ಣವನ್ನೂ ಆಕಾರವನ್ನೂ ಕಾಣುತ್ತದೆ. ಅಲಗಾದರೋ ಅಂಚಿನ ರೇಖೆಯೊಂದನ್ನೇ ಬಲ್ಲದು. ಆದುದರಿಂದ ಈ ಕೆಲಸವನ್ನು ಕಲಿಯುವುದೆಂದರೆ ರೇಖೆಯನ್ನು ತಿದ್ದಲು ಕಲಿಯುವುದೆಂದೇ ಅರ್ಥ. ಆ ರೇಖೆ ಎಲ್ಲಿ ಹುಟ್ಟಿತು, ಅದನ್ನು ತಿದ್ದುವ ಅಧಿಕಾರ ಯಾರ ಯಾರ ಕೈದಾಟಿ ಮನೆಯವರೆಗೆ ಬಂದಿತು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಹಿಂದೆ ಹಡಗು ಕಟ್ಟುವವರು ಬಾಗುವ ಮರದ ಪಟ್ಟಿಗಳನ್ನು ಭಾರವಿಟ್ಟು ಹಿಡಿದು ನುಣುಪಾದ ವಕ್ರರೇಖೆಗಳನ್ನು ಎಳೆಯುತ್ತಿದ್ದರು. ಮೋಟಾರು ಕಾರುಗಳ ಕಾಲಕ್ಕೆ ಈ ಕ್ರಮ ಸಾಲದಾಯಿತು. ಯಂತ್ರಕ್ಕೆ ಆಜ್ಞೆ ಕೊಡಬೇಕಾದರೆ ರೇಖೆಯನ್ನು ಅಂಕಿಗಳಲ್ಲಿ ಹೇಳಬೇಕಾಗಿತ್ತು. ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯಲ್ಲಿದ್ದ ಗಣಿತಜ್ಞ ಪಾಲ್ ದ ಕಾಸ್ಟೆಲ್ಜೊ ಅವರು 1959ರಲ್ಲಿ ಇದಕ್ಕೊಂದು ಮಾರ್ಗವನ್ನು ಕಂಡುಹಿಡಿದರು. ರೆನೊ ಸಂಸ್ಥೆಯ ಎಂಜಿನಿಯರ್ ಪಿಯೆರ್ ಬೆಜಿಯೆ ಅವರು 1960ರ ದಶಕದಲ್ಲಿ ಸ್ವತಂತ್ರವಾಗಿ ಅಂತಹುದೇ ಮಾರ್ಗವನ್ನು ರೂಪಿಸಿದರು. ಮೊದಲನೆಯವರ ಶೋಧವನ್ನು ಸಂಸ್ಥೆ ಗುಟ್ಟಾಗಿಟ್ಟಿತು. ಎರಡನೆಯವರ ಕೆಲಸ ಪ್ರಕಟವಾಯಿತು. ಈ ಕಾರಣದಿಂದಲೇ ಆ ರೇಖೆಗೆ ಬೆಜಿಯೆ ಅವರ ಹೆಸರು ನಿಂತಿತು. ಮುಚ್ಚಿಟ್ಟ ವಿದ್ಯೆಗೂ ಬಿಚ್ಚಿಟ್ಟ ವಿದ್ಯೆಗೂ ಇರುವ ಅಂತರ ಈ ರೇಖೆಯ ಚರಿತ್ರೆಯ ಆರಂಭದಲ್ಲಿಯೇ ಕಾಣಬರುತ್ತದೆ.

ಈ ರೇಖೆಯ ರಚನೆ ಸರಳವಾದುದು. ಸಾಮಾನ್ಯವಾಗಿ ಬಳಕೆಯಲ್ಲಿರುವ ರೂಪದಲ್ಲಿ ಪ್ರತಿಯೊಂದು ತುಂಡಿಗೂ ನಾಲ್ಕು ಬಿಂದುಗಳು. ಎರಡು ಬಿಂದುಗಳು ತುಂಡಿನ ತುದಿಗಳನ್ನು ಹಿಡಿಯುತ್ತವೆ. ಇನ್ನೆರಡು ಹೊರಗೆ ನಿಂತು ರೇಖೆಯನ್ನು ತಮ್ಮ ಕಡೆಗೆ ಎಳೆಯುತ್ತವೆ. ಬಿಂದುಗಳ ನಡುವಣ ಗೆರೆಗಳನ್ನು ಒಂದೇ ಪ್ರಮಾಣದಲ್ಲಿ ಮತ್ತೆ ಮತ್ತೆ ವಿಭಾಗಿಸಿದರೆ ವಕ್ರರೇಖೆಯ ಮೇಲಣ ಸ್ಥಾನ ದೊರೆಯುತ್ತದೆಂಬುದು ಕಾಸ್ಟೆಲ್ಜೊ ಅವರ ಕ್ರಮ. ಇಂದು ಮನೆಯಲ್ಲಿ ಕುಳಿತವರು ಆಕಾರ ಕೆಡದಂತೆ ರೇಖೆಯ ನಡುವೆ ಹೊಸ ಬಿಂದುವೊಂದನ್ನು ಸೇರಿಸಿದಾಗ ನಡೆಯುವುದು ಇದೇ ವಿಭಜನೆ.

ಕಾರ್ಖಾನೆಯಿಂದ ರೇಖೆ ಮುದ್ರಣಾಲಯಕ್ಕೆ ಸಾಗಿತು. ಅಡೋಬಿ ಸಂಸ್ಥೆ 1984ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣಭಾಷೆಯನ್ನೂ 1987ರಲ್ಲಿ ಇಲಸ್ಟ್ರೇಟರ್ ಎಂಬ ಚಿತ್ರರಚನೆಯ ತಂತ್ರಾಂಶವನ್ನೂ ಹೊರತಂದಿತು. 2001ರಲ್ಲಿ ಎಸ್‌ವಿಜಿ ಎಂಬ ಮುಕ್ತ ಕ್ರಮ ವಿಶ್ವವ್ಯಾಪಿ ಜಾಲ ಒಕ್ಕೂಟದ ಮಾನ್ಯತೆಯನ್ನು ಪಡೆಯಿತು. 2003ರಲ್ಲಿ ಯಾರು ಬೇಕಾದರೂ ಬೆಲೆಯಿಲ್ಲದೆ ಬಳಸಬಹುದಾದ ಇಂಕ್‌ಸ್ಕೇಪ್ ಹುಟ್ಟಿತು. ರೇಖೆಯನ್ನು ತಿದ್ದುವ ಅಧಿಕಾರ ಹೀಗೆ ಸರ್ವರಿಗೂ ಎಟುಕಿತು.

ಮನೆಯ ಯಂತ್ರಗಳಾದರೋ ಬೇರೆ ದಾರಿಯಲ್ಲಿ ಬಂದವು. ಅಮೆರಿಕದ ಕ್ರಿಕಟ್ ಯಂತ್ರಗಳು ಮೊದಮೊದಲು ಸಿದ್ಧ ಆಕಾರಗಳನ್ನು ತುಂಬಿದ ಕಾರ್ಟ್ರಿಜ್‌ಗಳನ್ನು ಅವಲಂಬಿಸಿದ್ದವು. ಕೊಂಡ ಆಕಾರವನ್ನು ಕತ್ತರಿಸುವುದೇ ಬಳಸುವವರ ಕೆಲಸವಾಗಿತ್ತು. ತಾವೇ ರಚಿಸಿದ ಚಿತ್ರವನ್ನು ಯಂತ್ರಕ್ಕೆ ಕೊಡುವ ಅನುಕೂಲ ಬಂದ ಮೇಲೆಯೂ ವಿವಾದ ತೀರಲಿಲ್ಲ. 2021ರಲ್ಲಿ ಆ ಸಂಸ್ಥೆ, ಚಂದಾ ಕೊಡದವರು ತಿಂಗಳಿಗೆ 20 ಹೊಸ ಚಿತ್ರಗಳನ್ನು ಮಾತ್ರ ಸೇರಿಸಬಹುದೆಂಬ ನಿಯಮವನ್ನು ತರುವುದಾಗಿ ಸಾರಿತು. ಬಳಕೆದಾರರ ತೀವ್ರ ವಿರೋಧದಿಂದ ಅದನ್ನು ಕೈಬಿಟ್ಟಿತು. ಯಂತ್ರವನ್ನು ಕೊಂಡವರಿಗೆ ತಮ್ಮ ರೇಖೆಯ ಮೇಲೆ ಎಷ್ಟು ಹಕ್ಕು ಎಂಬ ಪ್ರಶ್ನೆಯೇ ಅಲ್ಲಿ ಮೂಲವಾಗಿತ್ತು.

ಈ ಹಕ್ಕು ಕನ್ನಡಿಗರಿಗೆ ಏಕೆ ಮುಖ್ಯವೆಂಬುದು ನಮ್ಮ ಲಿಪಿಯನ್ನು ಕತ್ತರಿಸಲು ಹೊರಟಾಗ ವಿದಿತವಾಗುತ್ತದೆ. ರಟ್ಟಿನಲ್ಲಿ 'ಕನ್ನಡ' ಎಂಬ ಪದವನ್ನು ಒಂದೇ ತುಂಡಾಗಿ ಕತ್ತರಿಸಬೇಕೆನ್ನೋಣ. ಅನೇಕ ಅಕ್ಷರವಿನ್ಯಾಸಗಳಲ್ಲಿ ನಕಾರದ ಒತ್ತು ಮೇಲಣ ಅಕ್ಷರವನ್ನು ಮುಟ್ಟದೆ ನಿಲ್ಲುವುದರಿಂದ ಅದು ಬೇರೆಯಾಗಿ ಬಿದ್ದುಹೋಗುತ್ತದೆ. ಪಕ್ಕದ ಅಕ್ಷರಗಳನ್ನು ಹತ್ತಿರ ತಂದು ಒಂದರ ಮೇಲೊಂದು ಹಾಯುವಂತೆ ಮಾಡಿದರೆ, ಅಲಗು ಎರಡರ ಅಂಚನ್ನೂ ಕೊಯ್ದು ಕೂಡಿದೆಡೆಯನ್ನೇ ತುಂಡರಿಸುತ್ತದೆ. ಅಚ್ಚುಹಾಳೆಯಲ್ಲಿ ಠಕಾರವನ್ನು ಕೊರೆದರೆ ಅದರ ಒಳಭಾಗವೆಲ್ಲ ಕಳಚಿ, ಬಣ್ಣ ಹಚ್ಚಿದಾಗ ನಡುವಣ ಚುಕ್ಕೆಯ ಗುರುತೇ ಉಳಿಯುವುದಿಲ್ಲ. ಇವಕ್ಕೆ ಪರಿಹಾರ ಉಂಟು. ಬರಹವನ್ನು ಮೊದಲು ರೇಖೆಯಾಗಿ ಪರಿವರ್ತಿಸಬೇಕು. ಒಂದರ ಮೇಲೊಂದು ಹಾಯ್ದ ಆಕಾರಗಳನ್ನು ಒಂದಾಗಿ ಬೆಸೆಯಬೇಕು. ಬೇರ್ಪಡುವ ಭಾಗಗಳಿಗೆ ಕಿರಿದಾದ ಸೇತುವೆಗಳನ್ನು ಕೊಡಬೇಕು. ಛಾಯಾಚಿತ್ರದಿಂದ ತಾನಾಗಿ ತೆಗೆದ ಅಂಚಿನಲ್ಲಿ ಬಿಂದುಗಳು ಬೇಕಾದುದಕ್ಕಿಂತ ಹೆಚ್ಚಾಗಿ ಕಿಕ್ಕಿರಿದಿರುತ್ತವೆ. ಹಾಗೆಯೇ ಬಿಟ್ಟರೆ ಅಲಗು ತಡವರಿಸಿ ಕಾಗದ ಹರಿಯುತ್ತದೆ. ಅವನ್ನು ಕಡಮೆಮಾಡುವುದು ಕಲಿಯಬೇಕಾದ ಇನ್ನೊಂದು ಅಂಶ.

ರೋಮನ್ ಅಕ್ಷರಗಳನ್ನು ಮುಂದಿಟ್ಟುಕೊಂಡು ಮಾಡಿದ ಸಿದ್ಧ ಆಕಾರಗಳು ಈ ಕೆಲಸವನ್ನು ನಮಗಾಗಿ ಮಾಡಿಕೊಡವು. ಒತ್ತಕ್ಷರಕ್ಕೆ ಸೇತುವೆ ಎಲ್ಲಿ ಹಾಕಿದರೆ ಓದು ಕೆಡದೆಂಬುದನ್ನು ನಿರ್ಣಯಿಸಲು ಕನ್ನಡವನ್ನು ಬಲ್ಲ ಕಣ್ಣೇ ಬೇಕು. ಒಮ್ಮೆ ಕಾರ್ಖಾನೆಯ ಗುಟ್ಟಾಗಿದ್ದ ವಿದ್ಯೆ ಇಂದು ಮನೆಯ ಮೇಜಿನ ಮೇಲಿದೆ. ಅದನ್ನು ಕಲಿತವರು ತಮ್ಮ ಅಕ್ಷರವನ್ನು ತಾವೇ ತಿದ್ದಿಕೊಳ್ಳುವರು. ಕಲಿಯದವರು ಇತರರು ಮಾರಿದ ಆಕಾರಗಳಲ್ಲಿಯೇ ತೃಪ್ತರಾಗಬೇಕಾಗುವುದು ಎಂಬುದು ನಮ್ಮ ಅಭಿಪ್ರಾಯ.